ಸಂಧಾನದ ಸೀನು ಕತ್ತರಿಸಿದ ಕುರುಕ್ಷೇತ್ರ

ತುಮಕೂರಿನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ಇಷ್ಟೊಂದು ಸೇನಾಧಿಪತಿಗಳಿದ್ದಾರೆ ಅಂತ ಗೊತ್ತಾಗಿದ್ದೇ 2025ರ ಮೇನಲ್ಲಿ, ಭಾರತ-ಪಾಕಿಸ್ತಾನ ಕಾದಾಟದ ಹೊತ್ತಿನಲ್ಲಿ. ಕರ್ಚೀಫು ಹಾಕಿ ಸೀಟು ಹಿಡಿಯುವವರು ಅದೇ ಸಲೀಸಿನಲ್ಲಿ ಲಾಹೋರನ್ನೂ ಹಿಡಿದುಬಿಟ್ಟರು. ಮೇ 8ರ ರಾತ್ರಿ ಟಿ.ವಿ.ಯವರು ಕರಾಚಿ ಬಂದರು ಸುಟ್ಟರು. ಬೆಳಗ್ಗೆ ನೋಡಿದರೆ ಬಂದರು ಇದ್ದಲ್ಲೇ ಇತ್ತು. ಸುಮ್ನೆ ಸೈರನ್ ಹಾಕಬೇಡ್ರಪ್ಪಾ ಅಂತ ಚಾನೆಲ್‌ಗಳಿಗೆ ಕೊನೆಗೆ ಕೇಂದ್ರ ಸರ್ಕಾರವೇ ಹೇಳಬೇಕಾಯಿತು.

ಪಾಪ, ಟಿ.ವಿ.ಯವರಿಗೆ ನಾಟಕ ಆಡಿಸಲು ಬರುವುದಿಲ್ಲ. ನಮ್ಮ ಜಿಲ್ಲೆಗೆ ಬಂದು ಕಲಿಯಬೇಕಿತ್ತು. ಗುಬ್ಬಿ ವೀರಣ್ಣನವರ ಕಂಪನಿ ಕುರುಕ್ಷೇತ್ರಕ್ಕೆ ನಿಜವಾದ ಆನೆ, ಕುದುರೆಗಳನ್ನೇ ತಂದಿತ್ತು, ಗ್ರಾಫಿಕ್ಸ್ ಅಲ್ಲ. ಈಗಲೂ ಹಬ್ಬ, ಜಾತ್ರೆ ಅಂದರೆ ಹಳ್ಳಿಗಳಲ್ಲಿ ಕುರುಕ್ಷೇತ್ರವೇ. ದುಡ್ಡು ಹಾಕುವವನು ಪಾತ್ರಧಾರಿ. ಕೃಷ್ಣ, ದುರ್ಯೋಧನನಿಗೆ ರೇಟು ಜಾಸ್ತಿ. ಹಾರ್ಮೋನಿಯಂ ಮೇಷ್ಟ್ರು, ಸೀನರಿ, ಡ್ರೆಸ್ಸು, ಲೈಟು ಎಲ್ಲಕ್ಕೂ ಅದೇ ದುಡ್ಡು. ಯುದ್ಧ ಬೇಕು ಅನ್ನುವವನು ತನ್ನ ಜೇಬಿನಿಂದಲೇ ಕಕ್ಕಬೇಕು. ಎಷ್ಟು ಒಳ್ಳೆ ಪದ್ಧತಿ, ಅಲ್ವಾ?

ರಾತ್ರಿ ಶುರುವಾದರೆ ಸಂಧಾನದ ಸೀನು ಮುಗಿಯುವುದೇ ಇಲ್ಲ. ಐದೇ ಐದು ಊರು ಕೊಡು ಅಂತ ಕೃಷ್ಣ ಹಾಡುತ್ತಾನೆ. ಸೂಜಿ ಮೊನೆಯಷ್ಟೂ ಕೊಡೆ ಅಂತ ದುರ್ಯೋಧನ ಹಾಡುತ್ತಾನೆ. ಒನ್ಸ್ ಮೋರ್ ಬೀಳುತ್ತದೆ. ಭಾವಮೈದುನ ನೋಟಿನ ಹಾರ ಹಿಡಿದು ಸ್ಟೇಜು ಹತ್ತುತ್ತಾನೆ. ಮೈಕಿನಲ್ಲಿ ಅವನ ಹೆಸರು, ಅವನ ಊರು, ಅವನ ಟ್ರ್ಯಾಕ್ಟರ್ ಗುಣಗಾನ. ಮತ್ತೆ ಸಂಧಾನ. ಯುದ್ಧಕ್ಕೆ ಬರುವ ಹೊತ್ತಿಗೆ ಕೋಳಿ ಕೂಗಿ, ಅರ್ಧ ಊರು ಚಾಪೆ ಮೇಲೆ ಮಲಗಿರುತ್ತದೆ. ಹದಿನೆಂಟು ದಿನದ ಯುದ್ಧ ಗಡಿಬಿಡಿಯಲ್ಲಿ ಖಲಾಸ್.

ಟಿ.ವಿ.ಯವರು ಆ ಸೀನನ್ನೇ ಕತ್ತರಿಸಿದ್ದಾರೆ. ಸಂಧಾನ ಅಂದವನು ದೇಶದ್ರೋಹಿ. ಕೃಷ್ಣನೇ ಚರ್ಚೆಗೆ ಬಂದು ಕೂತರೂ ಮೈಕ್ ಆಫ್ ಮಾಡುತ್ತಾರೆ.

ಅದೇ ದಿನಗಳಲ್ಲಿ ಜಮ್ಮು-ಕಾಶ್ಮೀರದ ಗಡಿಯ ಪೂಂಛ್‌ನಲ್ಲಿ ಶೆಲ್ ಬಿದ್ದು ಮಕ್ಕಳು ಸತ್ತರು. ಅದನ್ನು ಹೇಳಿದರೆ ನಮ್ಮ ಬೋಗಿಯಲ್ಲಿ ಯಾರೂ ಮೊಬೈಲಿಂದ ತಲೆ ಎತ್ತಲಿಲ್ಲ. ಇವರಿಗೆ ಏನು ಹೇಳುವುದು? ನನಗಂತೂ ಸಾಕಾಗಿದೆ.

ನನ್ನ ಗೆಳೆಯನನ್ನೇ ನೋಡಿ. "ಇನ್ನೆರಡು ದಿನ ಬಿಟ್ಟಿದ್ರೆ ಮುಗಿಸಿಬಿಡ್ತಿದ್ವಿ ಗುರೂ" ಅಂತ ಇವತ್ತಿಗೂ ಕೈ ಹಿಸುಕಿಕೊಳ್ಳುತ್ತಾನೆ. ಮ್ಯಾನೇಜರ್ ಫೋನು ಬಂದರೆ ಮಾತ್ರ ಎದ್ದು ನಿಂತು "ಸರ್ ಸರ್" ಅನ್ನುತ್ತಾನೆ. ವಾರಕ್ಕೆ 70 ಗಂಟೆ ಸಾಲದು, 90 ಗಂಟೆ ದುಡಿಯಿರಿ ಅನ್ನುವ ಮಹನೀಯರ ಕಾಲ ಇದು. ಆಫೀಸಿನಲ್ಲಿ ಬಾಯಿ ಮುಚ್ಚಿಕೊಂಡವನು ಪಾಕಿಸ್ತಾನದ ಮೇಲಾದರೂ ಕೂಗಲಿ ಬಿಡಿ.

ಈ ಸಲ ಊರ ನಾಟಕದಲ್ಲಿ ಅವನು ಶಕುನಿ. ಅಡ್ವಾನ್ಸ್ ಕೊಟ್ಟಾಗಿದೆ, ರಜೆ ಸಿಕ್ಕಿಲ್ಲ. ಅಜ್ಜಿ ತೀರಿಹೋದರು ಅಂತ ಹೇಳುತ್ತಾನಂತೆ. ಆ ಅಜ್ಜಿ ಹೋದ ವರ್ಷ ವಿದುರನ ಪಾತ್ರಕ್ಕೂ ತೀರಿಹೋಗಿದ್ದರು.