ಹತ್ತೂವರೆಯಿಂದ ಎರಡೂವರೆ

ಹೋದ ವಾರ ಬೆಳಗ್ಗೆ ವಾರ್ಡ್‌ನಲ್ಲಿ ನಡೆದದ್ದು ಇನ್ನೂ ತಲೆಯಿಂದ ಹೋಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು.

ಬಿಎಸ್ಸಿ ನರ್ಸಿಂಗ್ ಎರಡನೇ ವರ್ಷದ ಹುಡುಗಿಯೊಬ್ಬಳು ವಯಸ್ಸಾದ ರೋಗಿಯೊಬ್ಬರ ಸಲೈನ್ ಹನಿ ಎಣಿಸುತ್ತಿದ್ದಳು. 500 ಎಂಎಲ್ ಬಾಟಲಿ, 8 ಗಂಟೆಯಲ್ಲಿ ಮುಗಿಯಬೇಕು. 20 ಹನಿಗೆ ಒಂದು ಎಂಎಲ್ ಆಗುವ ಸೆಟ್. ಹಿಂದಿನ ದಿನ ಕ್ಲಾಸಿನಲ್ಲಿ ಇದೇ ಲೆಕ್ಕಕ್ಕೆ ಎಲ್ಲರಿಗಿಂತ ಮೊದಲು ಕೈ ಎತ್ತಿ, ನಿಮಿಷಕ್ಕೆ 21 ಹನಿ ಅಂತ ಹೇಳಿದವಳು ಇವಳೇ. ಜಾಣೆ. ನನಗೆ ತುಂಬಾ ಇಷ್ಟದ ಹುಡುಗಿ.

ಬೆಳಗ್ಗೆ ಕೈ ಗಡಿಯಾರ ನೋಡುತ್ತಾ ಎಣಿಸಲು ನಿಂತಳು. ತಪ್ಪಿತು. ಮತ್ತೆ ಒಂದರಿಂದ ಶುರು ಮಾಡಿದಳು. ಮತ್ತೆ ತಪ್ಪಿತು. ಮೂರನೇ ಸಲ ಕಣ್ಣು ಮುಚ್ಚಿಕೊಂಡು ಸ್ಟ್ಯಾಂಡ್ ಹಿಡಿದು ನಿಂತುಬಿಟ್ಟಳು. ರೋಗಿಯ ಹೆಂಡತಿ, ಜೇವರ್ಗಿ ಕಡೆಯ ಅಜ್ಜಿ, ಕೂತಿದ್ದ ಸ್ಟೂಲ್ ಬಿಟ್ಟು ಎದ್ದರು. "ಯವ್ವಾ, ನಿದ್ದಿ ಆಗಿಲ್ಲೇನು? ಬಾ, ಈ ಕಡಿ ಕುಂದ್ರು" ಅಂದರು.

ರಾತ್ರಿಯೆಲ್ಲಾ ಗಂಡನ ಮಂಚದ ಕೆಳಗೆ ಚಾಪೆ ಹಾಸಿಕೊಂಡು, ಎದ್ದು ಕೂತು, ಮತ್ತೆ ಮಲಗಿ ಬೆಳಗು ಮಾಡಿದ ಅಜ್ಜಿ ಅವರು. ಅವರು ಎದ್ದು ನಮ್ಮ ಹುಡುಗಿಗೆ ಜಾಗ ಕೊಟ್ಟರು. ನನಗೆ ಏನು ಮಾತಾಡಬೇಕೋ ತಿಳಿಯಲಿಲ್ಲ. ಹನಿ ನಾನೇ ಎಣಿಸಿ ಸರಿ ಮಾಡಿದೆ.

ಹನಿ ತಾನೇ, ಒಂದೆರಡು ಹೆಚ್ಚು ಕಡಿಮೆ ಆದರೆ ಏನಾಗುತ್ತದೆ ಅಂತ ಹೊರಗಿನವರಿಗೆ ಅನ್ನಿಸಬಹುದು. ಎಣಿಕೆ ತಪ್ಪಿ ನಿಮಿಷಕ್ಕೆ 42 ಬಿಟ್ಟರೆ ಆ ಬಾಟಲಿ ನಾಲ್ಕು ಗಂಟೆಯಲ್ಲಿ ಖಾಲಿ. ಹೃದಯ ಸೋತಿರುವ ಮುದುಕರಿಗೆ ಅಷ್ಟು ನೀರು ಅಷ್ಟು ಬೇಗ ಒಳಗೆ ಹೋದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಉಸಿರಾಟವೇ ಕಷ್ಟ ಆಗುತ್ತದೆ. ಅದಕ್ಕೇ ಒಂದು ನಿಮಿಷ ಪೂರ್ತಿ ಎಣಿಸಿ ಅಂತ ನಾವು ಅಷ್ಟು ಬಡಿದುಕೊಳ್ಳುವುದು.

ನಾನು ಕಲಬುರಗಿಯಲ್ಲಿ ನರ್ಸಿಂಗ್ ಟ್ಯೂಟರ್. ಅದಕ್ಕೂ ಮೊದಲು ಆರು ವರ್ಷ ಸ್ಟಾಫ್ ನರ್ಸ್ ಆಗಿದ್ದೆ. ನಿದ್ದೆಗೆಟ್ಟ ಮುಖ ನನಗೆ ಹೊಸದಲ್ಲ. ಚಹಾ ಹೊತ್ತಿನಲ್ಲಿ ಅವಳನ್ನು ಪಕ್ಕಕ್ಕೆ ಕರೆದು ಕೇಳಿದೆ, ರಾತ್ರಿ ಎಷ್ಟಕ್ಕೆ ಮಲಗಿದೆ ಅಂತ.

"ಹತ್ತೂವರಿಗೇ ಹಾಸಿಗಿ ಮ್ಯಾಲ ಇದ್ದೆನ್ರಿ ಮೇಡಂ."

"ನಿದ್ದೆ ಹತ್ತಿದ್ದು ಎಷ್ಟಕ್ಕೆ?"

ಸುಮ್ಮನಿದ್ದಳು. ಆಮೇಲೆ "ಎರಡೂವರಿ ಆಗಿತ್ರಿ" ಅಂದಳು.

ಬೆಳಗ್ಗೆ ಎದ್ದಿದ್ದು ಐದೂಮುಕ್ಕಾಲಿಗೆ. ಹಾಸ್ಟೆಲ್‌ನಲ್ಲಿ ಆರರ ಮೇಲೆ ಎದ್ದರೆ ಬಚ್ಚಲು ಮನೆ ಮುಂದೆ ಸಾಲು. ಅಂದರೆ ಮೂರು ಗಂಟೆ ಹದಿನೈದು ನಿಮಿಷ ನಿದ್ದೆ. ಫೋನ್‌ನಲ್ಲಿ ಏನು ನೋಡಿದೆ ಅಷ್ಟು ಹೊತ್ತು ಅಂತ ಕೇಳಿದೆ. ಸಿಟ್ಟಿನಿಂದ ಕೇಳಲಿಲ್ಲ, ನಿಜವಾಗಿ ತಿಳಿಯಬೇಕಿತ್ತು. ಅವಳು ತುಂಬಾ ಯೋಚಿಸಿದಳು. ಯಾರದೋ ಮದುವೆ, ಒಂದು ಬ್ಲೌಸ್ ಡಿಸೈನ್, ಬೆಕ್ಕು. ಉಳಿದದ್ದು ನೆನಪಿಗೆ ಬರಲಿಲ್ಲ. ನಾಲ್ಕು ಗಂಟೆ ನೋಡಿದ್ದರಲ್ಲಿ ಉಳಿದದ್ದು ಮೂರು.

ಮತ್ತೆ ಅವಳೇ ಹೇಳಿದಳು: "ದಿನಾ ಪೂರ್ತಿ ಬ್ಯಾರೇರು ಹೇಳಿದ್ದೇ ಮಾಡ್ತೀವ್ರಿ ಮೇಡಂ. ಅದೊಂದು ಹೊತ್ತು ನಂದು ಅನಸ್ತದ್ರಿ."

ಈ ಮಾತಿಗೆ ಉತ್ತರ ಹುಡುಕುತ್ತಲೇ ಇದ್ದೇನೆ. ಬೆಳಗ್ಗೆ ಎಂಟರಿಂದ ವಾರ್ಡ್ ಪೋಸ್ಟಿಂಗ್, ಮಧ್ಯಾಹ್ನ ಕ್ಲಾಸ್, ಸಂಜೆ ರೆಕಾರ್ಡ್, ಕೇಸ್ ಸ್ಟಡಿ, ಕೇರ್ ಪ್ಲಾನ್. ಇನ್‌ಚಾರ್ಜ್ ಸಿಸ್ಟರ್ ಬೈಗುಳ, ಡಾಕ್ಟರ ಬೈಗುಳ, ಕೆಲವೊಮ್ಮೆ ರೋಗಿಯ ಕಡೆಯವರದ್ದೂ. ನಮ್ಮದೂ ಇರುತ್ತದೆ. ಹತ್ತೊಂಬತ್ತು ವರ್ಷದ ಮಗು. ಮೊದಲ ಸಲ ಸಾವು ನೋಡಿರುತ್ತಾಳೆ. ಮೊದಲ ಸಲ ಅಪರಿಚಿತ ಗಂಡಸಿನ ಗಾಯ ತೊಳೆದಿರುತ್ತಾಳೆ. ಅದನ್ನೆಲ್ಲಾ ಯಾರ ಮುಂದೆ ಹೇಳಬೇಕು? ಊರಿಗೆ ಫೋನ್ ಮಾಡಿದರೆ ಅವ್ವ ಹೆದರುತ್ತಾಳೆ. ಹಾಸಿಗೆಯಲ್ಲಿ ಮಲಗಿ ಬೆರಳು ಆಡಿಸಿದರೆ ಏನೂ ಯೋಚಿಸಬೇಕಾಗಿಲ್ಲ. ಅದಕ್ಕೇ ಅದು ಹಿತ ಅನ್ನಿಸುತ್ತದೆ. ಅವಳು ಸೋಮಾರಿ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ಆದರೆ ಆ ಹೊತ್ತು ಅವಳದು ಅನ್ನುವುದನ್ನೂ ನಾನು ಒಪ್ಪುವುದಿಲ್ಲ. ನಮ್ಮ ಊರಲ್ಲಿ ದೊಡ್ಡಾಟ ಇದ್ದಾಗ ನಾವೂ ರಾತ್ರಿಯಿಡೀ ಎಚ್ಚರ ಇರುತ್ತಿದ್ದೆವು. ಬೆಳಗಾಗುವಾಗ ಆಟ ಮುಗಿಯುತ್ತಿತ್ತು. ಭಜನೆಗೆ ಕೂತರೆ ಕೊನೆಗೆ ಮಂಗಳ ಹಾಡುತ್ತಾರೆ, ಎಲ್ಲರೂ ಏಳುತ್ತಾರೆ. ಟಿವಿ ಧಾರಾವಾಹಿ ಕೂಡ ಅರ್ಧ ಗಂಟೆಗೆ ನಿಲ್ಲುತ್ತದೆ. ರೀಲ್ಸ್‌ಗೆ ಮಂಗಳ ಹಾಡುವವರು ಯಾರೂ ಇಲ್ಲ. ಹಾಗೆ ಮುಗಿಯದಂತೆಯೇ ಅದನ್ನು ಮಾಡಿದ್ದಾರೆ. ಎಷ್ಟು ಸರಿಸಿದರೂ ಪುಟ ಕೊನೆಯಾಗದ ಈ ವಿನ್ಯಾಸವನ್ನು 2006ರಲ್ಲಿ ರೂಪಿಸಿದವರು ಅಮೆರಿಕದ ವಿನ್ಯಾಸಕಾರ ಅಜಾ ರಾಸ್ಕಿನ್. ಮುಂದೆ ಅವರೇ ಅದರ ಬಗ್ಗೆ ಬಹಿರಂಗವಾಗಿ ಬೇಸರ ಹೇಳಿಕೊಂಡರು. ಮಾಡಿದವರೇ ಹೀಗೆ ಹೇಳುವಾಗ ನಮ್ಮ ಚಿಂಚೋಳಿ, ಶಹಾಪುರದ ಹುಡುಗಿಗೆ "ನಿನಗೆ ಹಿಡಿತ ಇಲ್ಲ" ಅಂತ ಬೈದರೆ ಏನು ಬಂತು?

ಇನ್ನೊಂದು ಮಾತು. ಇವರ ಕೈಗೆ ಫೋನ್ ಕೊಟ್ಟವರು ನಾವೇ. 2020ರಲ್ಲಿ ಶಾಲೆ ಮುಚ್ಚಿತು. ಇವರೆಲ್ಲ ಆಗ ಹೈಸ್ಕೂಲ್ ಮಕ್ಕಳು. ಪಾಠಕ್ಕೆ ಅಂತ ಎಷ್ಟೋ ಮನೆಯಲ್ಲಿ ಸಾಲ ಮಾಡಿ ಫೋನ್ ತಂದರು. ಅದೇ ಜೂನ್ ಕೊನೆಗೆ ಟಿಕ್‌ಟಾಕ್ ಬಂದ್ ಆಯಿತು, ಜುಲೈನಲ್ಲಿ ಇನ್‌ಸ್ಟಾಗ್ರಾಂನಲ್ಲಿ ರೀಲ್ಸ್ ಬಂತು. ಪಾಠ, ಆಟ, ಗೆಳತಿಯರು ಎಲ್ಲಾ ಒಂದೇ ಗಾಜಿನೊಳಗೆ. ಈಗಲೂ ಹಾಗೇ. ಅನಾಟಮಿ ವಿಡಿಯೋ ಅದರಲ್ಲೇ, ನೋಟ್ಸ್ ಪಿಡಿಎಫ್ ಅದರಲ್ಲೇ, ಅವ್ವನ ವಿಡಿಯೋ ಕಾಲ್ ಅದರಲ್ಲೇ, ಅಲಾರಂ ಕೂಡ ಅದರಲ್ಲೇ.

ಈಗ ನಿದ್ದೆಯ ವಿಷಯಕ್ಕೆ ಬರುತ್ತೇನೆ. ನಾವು ಮೊದಲ ವರ್ಷವೇ ಅಮೆರಿಕದ ನರ್ಸಿಂಗ್ ಚಿಂತಕಿ ವರ್ಜೀನಿಯಾ ಹೆಂಡರ್ಸನ್ ಹೇಳಿದ, ಮನುಷ್ಯನ 14 ಮೂಲ ಅಗತ್ಯಗಳನ್ನು ಬಾಯಿಪಾಠ ಮಾಡಿಸುತ್ತೇವೆ. ಐದನೆಯದು ನಿದ್ದೆ ಮತ್ತು ವಿಶ್ರಾಂತಿ. ಮೊದಲ ನಿದ್ದೆಯಲ್ಲಿರುವ ರೋಗಿಯನ್ನು ಎಬ್ಬಿಸಬಾರದು ಅಂತ ಫ್ಲಾರೆನ್ಸ್ ನೈಟಿಂಗೇಲ್ ಹತ್ತೊಂಬತ್ತನೇ ಶತಮಾನದಲ್ಲೇ ಬರೆದರು. ರೋಗಿಗೆ ನಿದ್ದೆ ಬಾರದಿದ್ದರೆ ಕೇರ್ ಪ್ಲಾನ್‌ನಲ್ಲಿ 'ಡಿಸ್ಟರ್ಬ್ಡ್ ಸ್ಲೀಪ್ ಪ್ಯಾಟರ್ನ್', ಅಂದರೆ ನಿದ್ದೆಯ ಕ್ರಮ ಕೆಟ್ಟಿದೆ ಅಂತ ಬರೆಸುತ್ತೇವೆ, ಏನೇನು ಮಾಡಬೇಕು ಅಂತ ಕೆಳಗೆ ಬರೆಸುತ್ತೇವೆ. ಆ ಹುಡುಗಿ ಅಂದು ಆ ಅಜ್ಜನಿಗೆ ಇದನ್ನೇ ಬರೆದಿದ್ದಳು. ದೀಪ ಮಂದ ಮಾಡಿ, ಸದ್ದು ಕಡಿಮೆ ಮಾಡಿ ಅಂತ ಅಚ್ಚುಕಟ್ಟಾಗಿ ಬರೆದಿದ್ದಳು. ಓದಿ ನನ್ನ ಕಣ್ಣು ತುಂಬಿತು.

ಹದಿನೆಂಟರಿಂದ ಇಪ್ಪತ್ತೈದರ ವಯಸ್ಸಿಗೆ ರಾತ್ರಿಗೆ 7ರಿಂದ 9 ಗಂಟೆ ನಿದ್ದೆ ಬೇಕು. ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ನಡೆಯುತ್ತದೆ. ಗಾಢ ನಿದ್ದೆ ಮೊದಲ ಸುತ್ತುಗಳಲ್ಲಿ ಜಾಸ್ತಿ. ಕನಸಿನ ನಿದ್ದೆ ಬೆಳಗಿನ ಜಾವದ ಕಡೆಗೆ ಜಾಸ್ತಿ. ಮೂರು ಗಂಟೆ ಮಲಗಿದವಳಿಗೆ ಸಿಗುವುದು ಎರಡೇ ಸುತ್ತು. ಹಗಲು ಕಲಿತದ್ದು ಗಟ್ಟಿಯಾಗುವ ಕೆಲಸ ಬಹಳಷ್ಟು ನಡೆಯುವುದು ಈ ನಿದ್ದೆಯಲ್ಲೇ. ಮಿದುಳಿನ ಹಿಪ್ಪೊಕ್ಯಾಂಪಸ್‌ನಲ್ಲಿ ಹಸಿಯಾಗಿ ಕೂತ ನೆನಪು ಹೊರಪದರಕ್ಕೆ ಹೋಗಿ ನೆಲೆಯಾಗಲು ನಿದ್ದೆ ಬೇಕು.

1924ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಅನ್ನುವವರು ಒಂದು ಪ್ರಯೋಗ ಮಾಡಿದರು. ಇಬ್ಬರೇ ವಿದ್ಯಾರ್ಥಿಗಳು. ಅರ್ಥವೇ ಇಲ್ಲದ ಅಕ್ಷರಗಳ ಪಟ್ಟಿ ಕಲಿಸಿದರು. ಕೆಲವು ದಿನ ಕಲಿತ ಮೇಲೆ ಮಲಗಿಸಿದರು, ಕೆಲವು ದಿನ ಎಚ್ಚರ ಇಟ್ಟರು. ಮಲಗಿ ಎದ್ದಾಗ ಅವರಿಗೆ ಎಷ್ಟೋ ಜಾಸ್ತಿ ನೆನಪಿತ್ತು. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಮಕ್ಕಳೇ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಓದಿ ಬಂದ ಹುಡುಗಿಗೆ ಫ್ಯೂರೋಸಮೈಡ್, ಮೆಟ್ರೋನಿಡಜೋಲ್, ಸೆಫ್ಟ್ರಿಯಾಕ್ಸೋನ್ ಅನ್ನುವ ಔಷಧಿ ಹೆಸರು ಮೊದಲ ದಿನ ಅರ್ಥವಿಲ್ಲದ ಅಕ್ಷರಗಳೇ ಅಲ್ವಾ? ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಹಿಡಿದುಕೊಳ್ಳಲು ಎಲ್ಲೋ ಒಂದು ಕೊಂಡಿ ಇರುತ್ತದೆ. ನಮ್ಮವರಿಗೆ ಅದೂ ಇಲ್ಲ. ಅವರಿಗೆ ನಿದ್ದೆ ಬೇರೆಯವರಿಗಿಂತ ಜಾಸ್ತಿ ಬೇಕು ಅಂತ ನನ್ನ ನಂಬಿಕೆ. ಕಷ್ಟಪಟ್ಟು ಬಾಯಿಪಾಠ ಮಾಡಿದ್ದನ್ನು ರಾತ್ರಿ ಕಳೆದುಕೊಂಡು ಬೆಳಗ್ಗೆ "ನನಗೆ ತಲೆನೇ ಇಲ್ರಿ ಮೇಡಂ" ಅಂತ ಅಳುತ್ತಾರೆ. ತಲೆ ಇದೆ. ನಿದ್ದೆ ಇಲ್ಲ.

1997ರಲ್ಲಿ ಡಾಸನ್ ಮತ್ತು ರೀಡ್ ಅನ್ನುವವರು ಇನ್ನೊಂದು ವಿಷಯ ತೋರಿಸಿದರು. 17 ಗಂಟೆ ಎಚ್ಚರ ಇದ್ದವರ ಕೈ ಚುರುಕು, ರಕ್ತದಲ್ಲಿ ಶೇ 0.05 ಮದ್ಯ ಇದ್ದವರಷ್ಟೇ ಕುಸಿದಿತ್ತು. ನಮ್ಮ ದೇಶದಲ್ಲಿ ಗಾಡಿ ಓಡಿಸುವವರಿಗೆ ಇರುವ ಮಿತಿ ಶೇ 0.03. ಐದೂಮುಕ್ಕಾಲಿಗೆ ಎದ್ದವಳಿಗೆ ರಾತ್ರಿ ಹತ್ತೂಮುಕ್ಕಾಲಿಗೇ 17 ಗಂಟೆ ತುಂಬುತ್ತದೆ. ಅವಳ ಆ ನಾಲ್ಕು ಗಂಟೆ ಹೆಚ್ಚು ಕಡಿಮೆ ಅಲ್ಲಿಂದಲೇ ಶುರು. ಮುಖದ ಹತ್ತಿರ ಹಿಡಿದ ಬೆಳಕು, ನಿದ್ದೆಗೆ ಸಿದ್ಧ ಮಾಡುವ ಮೆಲಟೋನಿನ್ ಹಾರ್ಮೋನನ್ನು ತಡ ಮಾಡುತ್ತದೆ ಅನ್ನುವುದು ಗೊತ್ತಿರುವುದೇ. ಬೆಳಕಿಗಿಂತ ಮುಂದಿನದ್ದು ಏನಿರಬಹುದು ಅನ್ನುವ ಆಸೆಯೇ ಜಾಸ್ತಿ ಎಚ್ಚರ ಇಡುತ್ತದೆ ಅಂತ ನನಗೆ ಅನ್ನಿಸುತ್ತದೆ.

ಪರಿಹಾರ ಅಂದ ಕೂಡಲೇ ಎಲ್ಲರೂ ಹೇಳುವುದು ಒಂದೇ, ಫೋನ್ ಕಸಿದುಕೊಳ್ಳಿ. ನನಗೆ ಗೊತ್ತಿರುವ ಒಂದು ಹಾಸ್ಟೆಲ್‌ನಲ್ಲಿ ಹಾಗೆ ಮಾಡಿದರು. ಒಂಬತ್ತಕ್ಕೆ ವಾರ್ಡನ್ ಬುಟ್ಟಿ ಹಿಡಿದು ಬರುತ್ತಿದ್ದರು. ಹುಡುಗಿಯರು ಹಳೆಯ ಫೋನ್ ಬುಟ್ಟಿಗೆ ಹಾಕಿ, ಇನ್ನೊಂದನ್ನು ದಿಂಬಿನ ಕೆಳಗೆ ಇಟ್ಟರು. ಎರಡನೇ ಫೋನ್ ಇಲ್ಲದ ಬಡ ಹುಡುಗಿಯರಿಗೆ ಮಾತ್ರ ಮನೆಗೆ ಮಾತಾಡುವ ಹೊತ್ತು ತಪ್ಪಿತು. ಅದೇ ಕಡೆ ಹುಡುಗರ ಹಾಸ್ಟೆಲ್‌ಗೆ ಬುಟ್ಟಿ ಹೋಗಲೇ ಇಲ್ಲ. ಹುಡುಗರಿಗೆ ನಿದ್ದೆ ಬೇಡವೇ? ಅವರು ಹನಿ ಎಣಿಸುವುದಿಲ್ಲವೇ? ಇಂಥ ನಿಯಮ ನನಗೆ ಬೇಡ.

ನನ್ನ ಮಾತು ನಮ್ಮಂಥವರಿಗೆ, ಕಲಿಸುವವರಿಗೆ. ಆ ದಿನ ಮನೆಗೆ ಬಂದು ನಮ್ಮ ಬ್ಯಾಚ್ ವಾಟ್ಸಾಪ್ ಗ್ರೂಪ್ ತೆರೆದು ಹಿಂದಕ್ಕೆ ಹೋಗಿ ನೋಡಿದೆ. ರಾತ್ರಿ 11:20ಕ್ಕೆ "ನಾಳೆ ಯೂನಿಫಾರ್ಮ್ ಚೆಕಿಂಗ್". 10:50ಕ್ಕೆ "ಕೇಸ್ ಸ್ಟಡಿ ನಾಳೆಯೇ ಕೊನೆ". 11:45ಕ್ಕೆ ಪೋಸ್ಟಿಂಗ್ ಬದಲಾವಣೆ. ಅದರಲ್ಲಿ ಎರಡು ನಾನೇ ಹಾಕಿದ್ದು. ಫೋನ್ ಬಿಟ್ಟು ಮಲಗು ಅಂತ ಹಗಲು ಹೇಳುವವಳು ನಾನು. ಫೋನ್ ನೋಡದೆ ಮಲಗಿದರೆ ಬೆಳಗ್ಗೆ ಬೈಗುಳ ತಿನ್ನುವ ಹಾಗೆ ಮಾಡಿದವಳೂ ನಾನೇ. ಮೆಸೇಜ್ ನೋಡಲು ಫೋನ್ ಎತ್ತಿಕೊಂಡ ಮೇಲೆ ಬೆರಳು ರೀಲ್ಸ್‌ಗೆ ಹೋಗದೆ ಇರುತ್ತದೆಯೇ?

ಮರುದಿನ ಸಹೋದ್ಯೋಗಿಗಳ ಜೊತೆ ಕೂತು ಮಾತಾಡಿದೆ. ಸಂಜೆ ಏಳರ ನಂತರ ಗ್ರೂಪಿಗೆ ಏನೂ ಹಾಕಬಾರದು ಅಂತ ಮಾಡಿಕೊಂಡಿದ್ದೇವೆ. ಪೋಸ್ಟಿಂಗ್ ಪಟ್ಟಿ ವಾರಕ್ಕೊಮ್ಮೆ, ಶನಿವಾರ ಮಧ್ಯಾಹ್ನ. ಎಲ್ಲರೂ ಖುಷಿಯಿಂದ ಒಪ್ಪಲಿಲ್ಲ, ಆದರೂ ನಡೆಯುತ್ತಿದೆ. ನಾನು ಇನ್ನೊಂದು ಕೇಳಿದೆ, ಅದು ಇನ್ನೂ ಆಗಿಲ್ಲ. ಸಂಜೆ ಐದರಿಂದ ಆರು, ಒಂದು ಗಂಟೆ ಮಕ್ಕಳಿಗೆ ಪೂರ್ತಿ ಬಿಟ್ಟುಬಿಡಿ. ರೆಕಾರ್ಡ್ ಬೇಡ, ಹಾಜರಿ ಬೇಡ. ಅಪ್ಪನ ಕೆರೆ ಕಡೆ ಹೋಗಿ ಬರಲಿ, ಶರಣಬಸವೇಶ್ವರ ಗುಡಿಗೆ ಹೋಗಲಿ, ಸುಸ್ಲಾ ಮಿರ್ಚಿ ತಿನ್ನಲಿ, ಬೇಕಾದರೆ ರೀಲ್ಸ್ ನೋಡಲಿ. "ಅದೊಂದು ಹೊತ್ತು ನಂದು" ಅನ್ನುವುದು ಅವಳಿಗೆ ಹಗಲಲ್ಲೇ ಸಿಗಬೇಕು. ಅದಕ್ಕಾಗಿ ನಾನು ಕೇಳುತ್ತಲೇ ಇರುತ್ತೇನೆ.

ಆ ಹುಡುಗಿಯ ರೂಮಿನಲ್ಲಿ ಆರು ಜನ. ಅವರಿಗೆ ಸೂಪರ್ ಮಾರ್ಕೆಟ್‌ನಿಂದ ಒಂದು ಅಲಾರಂ ಗಡಿಯಾರ ತಂದುಕೊಟ್ಟೆ. ಫೋನ್‌ಗಳು ಬಾಗಿಲ ಹತ್ತಿರದ ಸ್ವಿಚ್ ಬೋರ್ಡ್‌ನಲ್ಲಿ ಚಾರ್ಜಿಗೆ ಇರಲಿ, ಹಾಸಿಗೆಗೆ ಬೇಡ ಅಂತ ಅವರೇ ಮಾತಾಡಿಕೊಂಡರು. ಮೊದಲ ಮೂರು ದಿನ ನಿದ್ದೆ ಬರಲಿಲ್ಲವಂತೆ. ಕತ್ತಲಲ್ಲಿ ಮಲಗಿ ಒಬ್ಬರಿಗೊಬ್ಬರು ವಾರ್ಡಿನ ಕಥೆ ಹೇಳಿಕೊಂಡರಂತೆ. ಒಬ್ಬಳು ತಾನು ನೋಡಿದ ಮೊದಲ ಸಾವಿನ ಬಗ್ಗೆ ಹೇಳಿ ಅತ್ತಳಂತೆ. ಈಗ ನಾಲ್ಕು ಜನ ಹನ್ನೊಂದೂವರೆ ಒಳಗೆ ಮಲಗುತ್ತಾರೆ. ಇಬ್ಬರಿಗೆ ಆಗುತ್ತಿಲ್ಲ, ಹೊದಿಕೆಯೊಳಗೆ ಇನ್ನೂ ನೋಡುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಕಾಯೋಣ.

ನನಗೆ ದಾರಿ ಕಾಣದೆ ಇರುವುದು ನೈಟ್ ಪೋಸ್ಟಿಂಗ್ ವಿಷಯದಲ್ಲಿ. ರಾತ್ರಿಯಿಡೀ ವಾರ್ಡಿನಲ್ಲಿದ್ದು ಬೆಳಗ್ಗೆ ಬಂದ ಹುಡುಗಿಗೆ ಹಗಲು ಮಲಗಬೇಕು. ಏಪ್ರಿಲ್, ಮೇನಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಮೇಲಿನ ಮಹಡಿಯ ಸ್ಲ್ಯಾಬ್ ಕಾದು ರೂಮು ಒಲೆ ಆಗಿರುತ್ತದೆ. ಫ್ಯಾನ್ ಬಿಸಿ ಗಾಳಿ ಬೀಸುತ್ತದೆ, ಕರೆಂಟ್ ಹೋದರೆ ಅದೂ ಇಲ್ಲ. ಚಿಕ್ಕವಳಿದ್ದಾಗ ನಾವು ಬೇಸಿಗೆ ರಾತ್ರಿ ಮಾಳಿಗೆ ಮೇಲೆ ಮಲಗುತ್ತಿದ್ದೆವು. ಹಗಲಿಗೆ ಎಲ್ಲಿಗೆ ಹೋಗುವುದು? ನಿದ್ದೆ ಬಾರದೆ ಹೊರಳಾಡುವವಳು ಫೋನ್ ಎತ್ತಿಕೊಳ್ಳದೆ ಇನ್ನೇನು ಮಾಡುತ್ತಾಳೆ? ನೆಲಮಹಡಿಯಲ್ಲಿ ಒಂದು ರೂಮನ್ನು ನೈಟ್ ಡ್ಯೂಟಿ ಮಕ್ಕಳಿಗೆ ಅಂತಲೇ ಬಿಡಿ, ಕಿಟಕಿಗೆ ದಪ್ಪ ಪರದೆ ಹಾಕಿಸಿ, ಒಂದು ಕೂಲರ್ ಇಡಿ ಅಂತ ಬರೆದುಕೊಟ್ಟಿದ್ದೇನೆ.

ಇದನ್ನು ಓದುವವರಲ್ಲಿ ಹಿರಿಯ ಸಿಸ್ಟರ್‌ಗಳು ತುಂಬಾ ಜನ ಇದ್ದೀರಿ. ಬೀದರ್, ಯಾದಗಿರಿ, ರಾಯಚೂರಿನಲ್ಲಿ ವರ್ಷಗಟ್ಟಲೆ ಬೇಸಿಗೆ ನೈಟ್ ಡ್ಯೂಟಿ ಮಾಡಿದವರು. ನೀವು ಹಗಲು ಹೇಗೆ ಮಲಗುತ್ತಿದ್ದಿರಿ? ನೆಲಕ್ಕೆ ನೀರು ಚೆಲ್ಲುತ್ತಿದ್ದಿರಾ, ಒದ್ದೆ ಸೀರೆ ಕಟ್ಟುತ್ತಿದ್ದಿರಾ, ಎಷ್ಟಕ್ಕೆ ಊಟ ಮಾಡುತ್ತಿದ್ದಿರಿ? ದಯವಿಟ್ಟು ಬರೆದು ಕಳಿಸಿ. ಸೋಮವಾರದಿಂದ ನಮ್ಮ ಮೂರನೇ ವರ್ಷದವರಿಗೆ ನೈಟ್ ಶುರು. ಅಷ್ಟರೊಳಗೆ ಅವರಿಗೆ ಓದಿ ಹೇಳಬೇಕು.