ಕಸಿಯಾದವರ ಲಸಿಕೆ ಅಧ್ಯಯನ: ಆಂಟಿಬಾಡಿ ಅಳೆದರೆ ಸಾಕೇ?

ಪರ

ಮಂಡ್ಯ, ಮೈಸೂರಿನ ಕಿಡ್ನಿ ಕಸಿ ರೋಗಿಗಳಲ್ಲಿ ಲಸಿಕೆ ಎಷ್ಟು ಕೆಲಸ ಮಾಡುತ್ತದೆಂದು ತಿಳಿಯಬೇಕಾದರೆ, ಇಲ್ಲಿನ ಲ್ಯಾಬ್‌ಗಳಲ್ಲೇ ಮುಗಿಯುವ ಪರೀಕ್ಷೆ ಬೇಕು. ಆಂಟಿಬಾಡಿ, ಅಂದರೆ ರೋಗಾಣುವಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನ್, ಅಳೆಯಲು 5 ಎಂ.ಎಲ್. ರಕ್ತ ಸಾಕು. ಅರ್ಧ ಗಂಟೆ ಹೆಪ್ಪುಗಟ್ಟಲು ಬಿಟ್ಟು, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲೆ ನಿಲ್ಲುವ ತಿಳಿ ದ್ರವವಾದ ಸೀರಮ್ಮನ್ನು ಮೂರು ಚಿಕ್ಕ ವೈಯಲ್‌ಗಳಿಗೆ ಹಂಚಿ ಫ್ರೀಜರಿನಲ್ಲಿಡಬೇಕು. ಒಂದೇ ವೈಯಲ್ಲಿನಲ್ಲಿಟ್ಟರೆ ಪ್ರತಿ ಸಲವೂ ಕರಗಿಸಿ, ಮತ್ತೆ ಫ್ರೀಜ್ ಮಾಡುವುದರಿಂದ ಮಾದರಿ ಕೆಡುತ್ತದೆ. ಒಬ್ಬ ರೋಗಿಯ ಲಸಿಕೆ ಮುಂಚಿನ, ನಂತರದ ಮಾದರಿಗಳನ್ನು ಆಂಟಿಬಾಡಿ ಅಳೆಯುವ ಎಲೈಸಾ ಪರೀಕ್ಷೆಯ ಒಂದೇ ಪ್ಲೇಟಿನಲ್ಲಿ ನೋಡಿದರೆ ಕಿಟ್ಟಿನಿಂದ ಕಿಟ್ಟಿಗೆ ಬರುವ ವ್ಯತ್ಯಾಸವೂ ತಪ್ಪುತ್ತದೆ.

ಹೆಪಟೈಟಿಸ್ ಬಿ ಲಸಿಕೆಗಂತೂ ಸ್ಪಷ್ಟ ಗೆರೆಯಿದೆ: ಕೊನೆಯ ಡೋಸ್ ಆದ 1–2 ತಿಂಗಳಿಗೆ ಎಂ.ಎಲ್.ಗೆ 10 ಮಿಲಿ ಯೂನಿಟ್ ಅಥವಾ ಹೆಚ್ಚು ಆಂಟಿಬಾಡಿ ಇದ್ದರೆ ರಕ್ಷಣೆಯಿದೆ ಎಂದರ್ಥ. ಡಯಾಲಿಸಿಸ್‌ನಲ್ಲಿದ್ದಾಗಲೇ 40 ಮೈಕ್ರೋಗ್ರಾಂನಂತೆ 0, 1, 2, 6ನೇ ತಿಂಗಳಲ್ಲಿ ಹಾಕಿಸಿಕೊಂಡವರನ್ನೂ ಕಸಿಯ ನಂತರ ಹಾಕಿಸಿಕೊಂಡವರನ್ನೂ ಈ ಗೆರೆಯ ಮೇಲೆ ಹೋಲಿಸಬಹುದು.

ಕೋವಿಡ್‌ನಲ್ಲಿ ದಾರಿ ತೋರಿಸಿದ್ದೂ ಇದೇ ಪರೀಕ್ಷೆ. 2021ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ತಂಡ ಕಸಿಯಾದ 658 ಮಂದಿಯನ್ನು ನೋಡಿದಾಗ, ಎಂಆರ್‌ಎನ್‌ಎ ಲಸಿಕೆಯ (ಫೈಜರ್, ಮಾಡರ್ನಾ ಬಗೆಯದು) ಎರಡು ಡೋಸ್‌ಗಳ ನಂತರವೂ ಶೇ 46ರಷ್ಟು ಜನರಲ್ಲಿ ಆಂಟಿಬಾಡಿ ಇರಲಿಲ್ಲ. ಕಸಿ ಉಳಿಯಲೆಂದು ರೋಗನಿರೋಧಕ ಶಕ್ತಿ ತಗ್ಗಿಸುವ ಮೈಕೋಫಿನೊಲೇಟ್‌ನಂಥ ಔಷಧ ತೆಗೆದುಕೊಳ್ಳುವವರಲ್ಲಿ ಆಂಟಿಬಾಡಿ ಬಂದವರು ಇನ್ನೂ ಕಡಿಮೆ. ಅದೇ ವರ್ಷ ಆಗಸ್ಟಿನಲ್ಲಿ ಅಮೆರಿಕ ಇಂಥವರಿಗೆ ಮೂರನೇ ಡೋಸ್ ಕೊಡಲು ಒಪ್ಪಿತು. ರೋಗಾಣುವನ್ನು ನೆನಪಿಟ್ಟು ಹೋರಾಡುವ ಬಿಳಿ ರಕ್ತಕಣಗಳಾದ ಟಿ ಕೋಶಗಳನ್ನು ಎಣಿಸುತ್ತ ಕೂತಿದ್ದರೆ ಆ ವೇಗ ಬರುತ್ತಿರಲಿಲ್ಲ.

ವಿರೋಧ

ಹೆಪಟೈಟಿಸ್ ಬಿ ಗೆರೆಯನ್ನು ಎಲ್ಲ ಲಸಿಕೆಗೂ ಎಳೆಯಲಾಗದು. ಕೋವಿಡ್‌ಗೆ ಎಲ್ಲರೂ ಒಪ್ಪಿದ ಅಂಥ ಅಂಕಿಯೇ ಇಲ್ಲ.

ರಕ್ತದ ಗುಂಪು ಹೊಂದದ ಕಸಿಗೆ ರಿಟುಕ್ಸಿಮ್ಯಾಬ್ ಎಂಬ ಔಷಧ ಪಡೆದವರಲ್ಲಿ ಆಂಟಿಬಾಡಿ ತಯಾರಿಗೆ ಬೇಕಾದ ಬಿ ಕೋಶಗಳು ತಿಂಗಳುಗಟ್ಟಲೆ ಇಲ್ಲವಾಗುತ್ತವೆ. ಆಂಟಿಬಾಡಿ ಸೊನ್ನೆ ಬಂದರೂ ಟಿ ಕೋಶಗಳು ಲಸಿಕೆಯನ್ನು ಗುರುತಿಟ್ಟಿರಬಹುದು. ಇದರ ತಿರುವುಮುರುವೂ ಉಂಟು: ದೇಹ ಕಸಿಯಾದ ಕಿಡ್ನಿಯನ್ನು ತಿರಸ್ಕರಿಸಿದಾಗ ಚಿಕಿತ್ಸೆಗೆಂದು ಇಮ್ಯುನೊಗ್ಲೋಬ್ಯುಲಿನ್ (ರಕ್ತದಾನಿಗಳಿಂದ ಪಡೆದ ಆಂಟಿಬಾಡಿ) ಡ್ರಿಪ್ ಹಾಕಿಸಿಕೊಂಡವರ ರಕ್ತದಲ್ಲಿ ದಾನಿಗಳ ಆಂಟಿಬಾಡಿ ಕಾಣುತ್ತದೆ, ಅದನ್ನು ಲಸಿಕೆಯ ಫಲವೆಂದು ಬರೆದುಕೊಂಡರೆ ಅಧ್ಯಯನವೇ ಹಾಳು. ಡ್ರಿಪ್‌ನ ದಿನಾಂಕ ಕೇಳದ ಅಧ್ಯಯನಗಳು ಎಡವುವುದು ಇಲ್ಲೇ.

ಟಿ ಕೋಶದ ಪರೀಕ್ಷೆ ಕಷ್ಟ, ನಿಜ. ಹೆಪಾರಿನ್ ಟ್ಯೂಬಿನಲ್ಲಿ ತೆಗೆದ ರಕ್ತವನ್ನು ಐಸ್‌ನಲ್ಲಿಡದೆ ಸುಮಾರು 8 ಗಂಟೆಯೊಳಗೆ ಕೋಶ ಬೇರ್ಪಡಿಸಬೇಕು. ಮಂಡ್ಯದಿಂದ ಮೈಸೂರು 45 ಕಿ.ಮೀ.; ಬೆಳಗಿನ ಓಪಿಡಿಯಲ್ಲಿ ತೆಗೆದದ್ದು ಮಧ್ಯಾಹ್ನದೊಳಗೆ ತಲುಪುತ್ತದೆ. ಪರೀಕ್ಷಾ ಪ್ಲೇಟಿನ ಪ್ರತಿ ಗುಳಿಯಲ್ಲೂ ಸುಮಾರು 2 ಲಕ್ಷ ಕೋಶ ಹಾಕಿ, ಲಸಿಕೆಯ ಪ್ರೋಟೀನ್ ತುಣುಕು ಕೊಟ್ಟು, ಲಸಿಕೆಯನ್ನು ಗುರುತಿಸಿದ ಟಿ ಕೋಶಗಳು ಹೊರಸೂಸುವ ಇಂಟರ್‌ಫೆರಾನ್ ಗಾಮಾದ ಚುಕ್ಕೆಗಳನ್ನು ಮರುದಿನ ಎಣಿಸಬೇಕು. ಪಕ್ಕದಲ್ಲಿ, ಟಿ ಕೋಶಗಳನ್ನು ಸಾಮಾನ್ಯವಾಗಿ ಕೆರಳಿಸುವ ಪಿಎಚ್‌ಎ ಎಂಬ ವಸ್ತು ಹಾಕಿದ ಗುಳಿ ಇರಲೇಬೇಕು. ಅದೂ ಮೌನವಾಗಿದ್ದರೆ ಕೋಶಗಳೇ ಸತ್ತಿವೆ ಅಥವಾ ಔಷಧದಿಂದ ಮಂಕಾಗಿವೆ. ಅದನ್ನು ‘ಲಸಿಕೆ ಫಲಿಸಲಿಲ್ಲ’ ಎಂದು ಬರೆಯುವಂತಿಲ್ಲ.

ಖರ್ಚು ಹೆಚ್ಚೆಂದು ಆಂಟಿಬಾಡಿ ಬಾರದವರಿಗಷ್ಟೇ ಇದನ್ನು ಮಾಡಿದರೂ ಆದೀತು, ಆದರೆ ಅವರು ಯಾರೆಂದು ರಕ್ತ ತೆಗೆಯುವ ದಿನ ಗೊತ್ತಿರುವುದಿಲ್ಲ. ಆದ್ದರಿಂದ ಎಲ್ಲರ ಕೋಶಗಳನ್ನೂ ಮೊದಲ ದಿನದಿಂದಲೇ ದ್ರವ ಸಾರಜನಕದಲ್ಲಿ ಕಾಯ್ದಿಡಬೇಕು.