ಅಮಾನತಾದ ಹುಡುಗನಿಗೆ ವಾರಕ್ಕೆ ಮೂರು ಮೊಟ್ಟೆ

ಶಾಲೆಗೆ ಬರದ ಹುಡುಗನಿಗೆ ನಮ್ಮಲ್ಲಿ ಕೊಡುವ ಶಿಕ್ಷೆ ಎಂದರೆ, ಇನ್ನೊಂದು ವಾರ ಶಾಲೆಗೆ ಬರಬೇಡ ಎನ್ನುವುದು. ಕುಡಿದು ಸಿಕ್ಕಿಬಿದ್ದವನಿಗೆ ದಂಡವಾಗಿ ಇನ್ನೆರಡು ಬಾಟಲಿ ಕುಡಿಸಿದ ಹಾಗೆ. ಕಲಬುರಗಿ ಸೀಮೆಯಲ್ಲಿ ಇದು ಶಿಸ್ತು ಎಂಬ ಹೆಸರಿನಲ್ಲಿ ನಡೆದುಕೊಂಡು ಬಂದಿದೆ. ಶಿಸ್ತು ಎಂದ ಮೇಲೆ ಅದಕ್ಕೆ ಅರ್ಥವೂ ಇರಬೇಕು ಎಂದು ಯಾರೂ ಹಟ ಹಿಡಿದಿಲ್ಲ.

ಕಾನೂನು ಅಡ್ಡ ಬರುತ್ತದಲ್ಲ ಎನ್ನಬೇಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಂ ಪ್ರಕಾರ ಎಂಟನೇ ತರಗತಿ ಮುಗಿಯುವ ತನಕ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ. ಆದ್ದರಿಂದ ಎಂಟರವರೆಗೆ ಮಾಸ್ತರರು ಹಲ್ಲು ಕಚ್ಚಿಕೊಂಡು ಸಹಿಸುತ್ತಾರೆ. ಒಂಬತ್ತನೇ ತರಗತಿಗೆ ಕಾಲಿಟ್ಟ ದಿನ ಹುಡುಗ ಪ್ರಾಪ್ತ ವಯಸ್ಕನಾಗುತ್ತಾನೆ. ಮತ ಹಾಕುವುದಕ್ಕಲ್ಲ, ಮದುವೆಗಲ್ಲ, ಹೊರಗೆ ಹಾಕಿಸಿಕೊಳ್ಳುವುದಕ್ಕೆ.

ಜೇವರ್ಗಿ ಕಡೆಯ ಒಂದು ಊರಿನ ಹುಡುಗನನ್ನು ತೆಗೆದುಕೊಳ್ಳಿ. ಅಂಥ ಹುಡುಗ ಯಾವ ತಾಲ್ಲೂಕಿನಲ್ಲಿ ಬೇಕಾದರೂ ಸಿಗುತ್ತಾನೆ, ಬಸ್ ಇಳಿದು ಹತ್ತು ಹೆಜ್ಜೆ ನಡೆದರೆ ಸಾಕು. ಅಪ್ಪ, ಅವ್ವ ಇಬ್ಬರೂ ಪುಣೆಯಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆ. ಊರಲ್ಲಿ ಅಜ್ಜ ಒಬ್ಬನೇ. ತೊಗರಿ ರಾಶಿಯ ಹೊತ್ತಿಗೆ ಹುಡುಗ ಮೂರು ವಾರ ಶಾಲೆಯ ಕಡೆ ಸುಳಿಯಲಿಲ್ಲ. ಇದು ಮೊದಲನೆಯ ಆರೋಪ. ಎರಡನೆಯದು ಇನ್ನೂ ಗಂಭೀರ: ಹುಡುಗ ಆ ಮೊದಲೂ ಗಣಿತದ ಪಿರಿಯಡ್ ತಪ್ಪಿಸಿಕೊಂಡು ಬೇವಿನ ಮರದ ಕೆಳಗೆ ಕೂತಿರುತ್ತಿದ್ದ. ಆ ಶಾಲೆಯಲ್ಲಿ ಗಣಿತ ಮಾಸ್ತರರ ಹುದ್ದೆ ಖಾಲಿ ಬಿದ್ದಿದೆ. ವೇಳಾಪಟ್ಟಿಯಲ್ಲಿ ಮಾತ್ರ ಗಣಿತ ತಪ್ಪದೆ ದಿನಕ್ಕೊಮ್ಮೆ ಬರುತ್ತದೆ. ಅಂದರೆ ಇಲ್ಲದ ಮಾಸ್ತರರು ತೆಗೆದುಕೊಳ್ಳದ ತರಗತಿಗೆ ಗೈರುಹಾಜರಾಗಿದ್ದು ಅವನ ಅಪರಾಧ.

ಆದೇಶ ಬಾಯಿಮಾತಿನಲ್ಲೇ ಹೊರಟಿತು. ಕಾಗದದ ಮೇಲೆ ಬರೆದರೆ ಯಾರಾದರೂ ಓದಿಬಿಡುವ ಅಪಾಯವಿರುತ್ತದೆ. ಹೆಡ್ ಮಾಸ್ತರರ ಕೋಣೆಯ ಎದುರು ಶಹಾಬಾದ್ ಫರಸಿ ಹಾಸಿದ ಅಂಗಳವಿದೆ. ಮಧ್ಯಾಹ್ನದ ಹನ್ನೆರಡಕ್ಕೆ ಅಲ್ಲಿ ಬರಿಗಾಲಲ್ಲಿ ನಿಂತವನಿಗೆ ಭೂಮಿ ಸೂರ್ಯನಿಗೆ ಎಷ್ಟು ಹತ್ತಿರವಿದೆ ಎಂಬುದು ಪಾಠವಿಲ್ಲದೆ ತಿಳಿಯುತ್ತದೆ.

"ನಾಳೆಯಿಂದ ಬರಬೇಡ. ಅಪ್ಪನನ್ನು ಕರೆದುಕೊಂಡು ಬಾ."

"ಅಪ್ಪ ಪುಣೆಯಲ್ಲಿದ್ದಾನೆ, ಸರ್."

"ಹಾಗಾದರೆ ಪುಣೆಯಿಂದ ಕರೆದುಕೊಂಡು ಬಾ."

ನೋಡುವುದಕ್ಕೆ ಇದು ಒಂದು ವಾರದ ಅಮಾನತು. ವಾಸ್ತವದಲ್ಲಿ ಅದರ ಅವಧಿಯನ್ನು ನಿರ್ಧರಿಸುವವನು ಪುಣೆಯ ಗುತ್ತಿಗೆದಾರ. ಅವನು ರಜೆ ಕೊಟ್ಟರೆ ಯುಗಾದಿಗೆ, ಇಲ್ಲವಾದರೆ ಊರಿನ ಜಾತ್ರೆಗೆ. ಹುಡುಗ ಜಾಣ. ಮಾರನೆಯ ದಿನ ಅತ್ತೆಯ ಮೊಬೈಲ್ ತಂದು ವಿಡಿಯೊ ಕರೆ ಹಚ್ಚಿ ಅಪ್ಪನನ್ನು ಹೆಡ್ ಮಾಸ್ತರರ ಮುಖದ ಮುಂದೆ ಹಿಡಿದ. ತಲೆಗೆ ಹಳದಿ ಹೆಲ್ಮೆಟ್ ಹಾಕಿಕೊಂಡ ಅಪ್ಪ ಏಳನೇ ಮಹಡಿಯ ಸ್ಲ್ಯಾಬ್ ಮೇಲಿಂದ ಕೈಮುಗಿದ. "ಮೊಬೈಲಿನಲ್ಲಿ ಬಂದ ಅಪ್ಪ ರಿಜಿಸ್ಟರಿಗೆ ಸಹಿ ಹಾಕುವುದು ಹೇಗೆ?" ಎಂದರು ಹೆಡ್ ಮಾಸ್ತರರು. ಶಾಲೆಗೆ ಮೊಬೈಲ್ ತಂದದ್ದು ಮೂರನೆಯ ಆರೋಪವಾಯಿತು. ಅಪ್ಪ ಇನ್ನೂ ಕೈಮುಗಿದುಕೊಂಡೇ ಇದ್ದಾಗ ಫೋನು ಟೇಬಲಿನ ಡ್ರಾವರ್ ಸೇರಿತು.

ಇಂಥ ಸಂಕಟಕ್ಕೆಂದೇ ಶಾಲೆಯ ಗೇಟಿನ ಎದುರಿನ ಚಹಾದ ಅಂಗಡಿಯವನು ಇದ್ದಾನೆ. ಇಪ್ಪತ್ತು ರೂಪಾಯಿಗೆ ಅವನು ಯಾರಿಗೆ ಬೇಕಾದರೂ ಅಪ್ಪನಾಗುತ್ತಾನೆ. ಹೆಗಲ ಮೇಲೆ ಟವೆಲ್ ಹಾಕಿಕೊಂಡು, ತಲೆ ತಗ್ಗಿಸಿ, "ಇನ್ನೊಮ್ಮೆ ಹೀಗೆ ಮಾಡಿದರೆ ಕೈಕಾಲು ಮುರಿಯಿರಿ ಗುರುಗಳೇ" ಎಂದು ಹುಡುಗನ ಬೆನ್ನಿಗೆ ಒಂದು ಗುದ್ದನ್ನೂ ಕೊಡುತ್ತಾನೆ. ಗುದ್ದಿಗೆ ಪ್ರತ್ಯೇಕ ದರ ಇಲ್ಲ. ಒಂದೇ ತಿಂಗಳಲ್ಲಿ ಮೂರು ಬೇರೆ ಬೇರೆ ಅಡ್ಡಹೆಸರಿನ ಹುಡುಗರಿಗೆ ಅವನು ಸಹಿ ಹಾಕಿದ್ದುಂಟು. ಹೆಡ್ ಮಾಸ್ತರರು ದಿನವೂ ಅವನ ಅಂಗಡಿಯಲ್ಲೇ ಚಹಾ ಕುಡಿಯುವವರು. ಆದರೂ ಪ್ರತಿ ಸಲವೂ ಗಂಭೀರವಾಗಿ ಕೇಳುತ್ತಾರೆ: "ನೀವು ಹುಡುಗನಿಗೆ ಏನಾಗಬೇಕು?"

ಅಪ್ಪ ಸಿಕ್ಕಿದ ಮೇಲೆ ಮುಚ್ಚಳಿಕೆ. ಹೆಡ್ ಮಾಸ್ತರರು ಹೇಳುತ್ತಾ ಹೋಗುತ್ತಾರೆ, ಹುಡುಗ ಬರೆಯುತ್ತಾ ಹೋಗುತ್ತಾನೆ. "ಇಂದಿನಿಂದ ನನ್ನ ವಿದ್ಯಾಭ್ಯಾಸಕ್ಕೆ ನಾನೇ ಸಂಪೂರ್ಣ ಜವಾಬ್ದಾರನಾಗಿರುತ್ತೇನೆ. ನಾನು ನಪಾಸಾದರೆ ಅದಕ್ಕೂ ಶಾಲೆಗೂ ಯಾವ ಸಂಬಂಧವೂ ಇರುವುದಿಲ್ಲ. ಇದನ್ನು ಯಾರ ಒತ್ತಡಕ್ಕೂ ಒಳಗಾಗದೆ ಸ್ವಸಂತೋಷದಿಂದ ಬರೆದುಕೊಟ್ಟಿದ್ದೇನೆ." ಸ್ವಸಂತೋಷ ಎಂದು ಬರೆಯುವಾಗ ಹುಡುಗನ ಮೂಗು ಸೋರುತ್ತಿತ್ತು. ವಿದ್ಯಾಭ್ಯಾಸದ ಒತ್ತಕ್ಷರಗಳು ಎಲ್ಲೆಲ್ಲೋ ಚದುರಿದ್ದವು, ಮಹಾಪ್ರಾಣ ಹೋಗಿಬಿಟ್ಟಿತ್ತು. ಹೆಡ್ ಮಾಸ್ತರರು ಮೂಲತಃ ಕನ್ನಡ ಪಂಡಿತರು, ನೋಡಿ ಸುಮ್ಮನಿರಲಾಗಲಿಲ್ಲ. ಕೆಂಪು ಪೆನ್ನು ತೆಗೆದರು, ತಿದ್ದಿದರು, ಪಕ್ಕದಲ್ಲಿ ಕೂಡಿಸಿಕೊಂಡು ಒತ್ತು ಎಲ್ಲಿ ಬರುತ್ತದೆ, ಯಾಕೆ ಬರುತ್ತದೆ ಎಂದು ವಿವರಿಸಿದರು, ಮತ್ತೆ ಬರೆಸಿದರು. ಆ ತಿಂಗಳಲ್ಲಿ ಆ ಹುಡುಗನಿಗೆ ಸಿಕ್ಕಿದ ಒಂದೇ ಒಂದು ಪೂರ್ತಿ ಪಾಠ ಅದು. ಕಲಿಸಿದ್ದನ್ನು ಅವನು ಚೆನ್ನಾಗಿಯೇ ಕಲಿತ. ಹೊರಗೆ ಹಾಕುವುದಕ್ಕೆಂದಾದರೂ ಇವರು ಹುಡುಗರನ್ನು ಆಗಾಗ ಒಳಗೆ ಕರೆಯುತ್ತಿರಲಿ ಎಂದು ನನಗೆ ಅನ್ನಿಸಿದ್ದು ಆಗಲೇ.

ಬಾಡಿಗೆ ಅಪ್ಪನಿಗೆ ಅಂಗಡಿಯಲ್ಲಿ ಹಾಲು ಉಕ್ಕುವ ಚಿಂತೆ. ಆದ್ದರಿಂದ ಅವನು ಖಾಲಿ ಹಾಳೆಯ ಕೆಳಗೆ ಮೊದಲೇ ಸಹಿ ಒತ್ತಿ ಹೋಗಿದ್ದ. ಮೇಲೆ ಏನು ಬೇಕಾದರೂ ಬರೆದುಕೊಳ್ಳಬಹುದು. ಈ ಪದ್ಧತಿ ನಮ್ಮ ಕಡೆ ಹೊಸದಲ್ಲ. ಬೀದರಿನಲ್ಲಿ 1472ರಲ್ಲಿ ಅಷ್ಟು ದೊಡ್ಡ ಮದರಸಾ ಕಟ್ಟಿಸಿದ ಬಹಮನಿ ಪ್ರಧಾನಿ ಮಹಮೂದ್ ಗವಾನ್ ಸತ್ತದ್ದೂ ಖಾಲಿ ಹಾಳೆಯಿಂದಲೇ. ಆಗದವರು ಅವನ ಮುದ್ರೆಯನ್ನು ಬರಿಯ ಕಾಗದದ ಮೇಲೆ ಒತ್ತಿಸಿಕೊಂಡು, ಒಡಿಶಾದ ಅರಸನಿಗೆ ದಂಡೆತ್ತಿ ಬಾ ಎಂದು ಕರೆದಂತೆ ಅದರಲ್ಲಿ ಪತ್ರ ಬರೆದರು. ಸುಲ್ತಾನ ವಿಚಾರಣೆ ಗಿಚಾರಣೆ ಎಂದು ಕೂರಲಿಲ್ಲ. 1481ರಲ್ಲಿ ತಲೆ ತೆಗೆಸಿದ, ಆಮೇಲೆ ಪಶ್ಚಾತ್ತಾಪಪಟ್ಟ. ಈ ನಾಡಿನಲ್ಲಿ ವಿದ್ಯಾಸಂಸ್ಥೆ ಕಟ್ಟಿದವನಿಗೇ ನೋಟಿಸ್ ಸಿಗಲಿಲ್ಲ, ಒಂಬತ್ತನೇ ತರಗತಿಯ ಹುಡುಗ ಯಾವ ಲೆಕ್ಕ?

ಆದರೆ ಇದೇ ಸರ್ಕಾರದಲ್ಲಿ ನೌಕರನನ್ನು ಅಮಾನತು ಮಾಡುವ ವಿಧಾನ ಎಷ್ಟು ಸೊಗಸಾಗಿದೆ ನೋಡಿ. ಕ್ರಮಸಂಖ್ಯೆ, ದಿನಾಂಕ ಹಾಕಿದ ಲಿಖಿತ ಆದೇಶ. ದೋಷಾರೋಪಣಾ ಪಟ್ಟಿ. ಇಲಾಖಾ ವಿಚಾರಣೆ. ತನ್ನ ಮಾತು ಹೇಳಿಕೊಳ್ಳಲು ಅವಕಾಶ. ಎಲ್ಲಕ್ಕಿಂತ ಮುಖ್ಯವಾಗಿ ಜೀವನಾಂಶ ಭತ್ಯೆ. ಕೆಲಸ ಮಾಡದೆ ಮನೆಯಲ್ಲಿದ್ದರೂ ಮೊದಮೊದಲು ಸಂಬಳದ ಅರ್ಧ ಬರುತ್ತದೆ, ವಿಚಾರಣೆ ಎಳೆದಷ್ಟೂ ಅದು ಹೆಚ್ಚುವುದೂ ಉಂಟು. ಲಂಚದ ನೋಟಿನ ಸಮೇತ ಸಿಕ್ಕಿಬಿದ್ದವನೂ ಉಪವಾಸ ಬೀಳಬಾರದು ಎಂಬ ಕರುಣೆ ಆ ನಿಯಮದಲ್ಲಿದೆ. ತೊಗರಿ ರಾಶಿಗೆ ಹೋದ ಹುಡುಗನಿಗೆ ಆ ಕರುಣೆಯ ಒಂದು ಹನಿಯಾದರೂ ಬೇಡವೇ?

ಲೆಕ್ಕ ಕಷ್ಟದ್ದಲ್ಲ, ಗಣಿತ ಮಾಸ್ತರರಿಲ್ಲದೆಯೂ ಮಾಡಬಹುದು. ಬಿಸಿಯೂಟ 2002ರಲ್ಲಿ ಮೊದಲು ಶುರುವಾದದ್ದೇ ನಮ್ಮ ಈಶಾನ್ಯದ ಏಳು ಜಿಲ್ಲೆಗಳಲ್ಲಿ. ಈಗ ಹತ್ತನೇ ತರಗತಿಯವರೆಗೆ ವಾರಕ್ಕೆ ಆರು ದಿನ ಮೊಟ್ಟೆಯೂ ಇದೆ. ಅಮಾನತಾದ ವಿದ್ಯಾರ್ಥಿಗೆ ಅದರ ಅರ್ಧ, ಅಂದರೆ ವಾರಕ್ಕೆ ಮೂರು ಮೊಟ್ಟೆ ಮನೆಗೆ ತಲುಪಿಸಬೇಕು. ಮೊಟ್ಟೆ ತಿನ್ನದವನಿಗೆ ಬಾಳೆಹಣ್ಣು, ಅದೂ ಮೂರೇ. ಅಮಾನತಿನ ಅವಧಿಯಲ್ಲಿ ಅವನು ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿಯಿಲ್ಲದೆ ಕೇಂದ್ರಸ್ಥಾನ ಬಿಡುವಂತಿಲ್ಲ, ಅಂದರೆ ಅಪ್ಪನ ಹಿಂದೆ ಪುಣೆಗೆ ಹೋಗುವಂತಿಲ್ಲ. ಈ ಒಂದು ಷರತ್ತಿನಿಂದ ಶಾಲೆ ಬಿಟ್ಟವರ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ವಿಚಾರಣೆ ಮುಗಿಯುವ ಹೊತ್ತಿಗೆ ಹುಡುಗನಿಗೆ ಮೀಸೆ ಬಂದಿರುತ್ತದೆ, ಅದು ಬೇರೆ ಮಾತು.

ಇನ್ನು ಜವಾಬ್ದಾರಿಯ ಪ್ರಶ್ನೆ. ಹಿಂದೆ ನಮ್ಮ ಕಡೆ ಎಸ್ಸೆಸ್ಸೆಲ್ಸಿಯಲ್ಲಿ ಜವಾಬ್ದಾರಿ ಎಂಬುದು ಮಂತ್ರಿಮಂಡಲದಲ್ಲಿ ಇರುವಂತೆ ಸಾಮೂಹಿಕವಾಗಿತ್ತು. ಅಣ್ಣ ಕಾಂಪೌಂಡ್ ಹತ್ತುತ್ತಿದ್ದ, ಮಾವ ಚೀಟಿ ಬರೆಯುತ್ತಿದ್ದ, ಯಾರದೋ ಗೆಳೆಯ ಕಿಟಕಿಗೆ ಗುರಿಯಿಟ್ಟು ಎಸೆಯುತ್ತಿದ್ದ, ಒಳಗಿನವನು ಬರೆಯುತ್ತಿದ್ದ. ಒಬ್ಬ ಹುಡುಗ ಪಾಸಾದರೆ ಇಡೀ ಓಣಿ ಪಾಸಾದಂತೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಶುರುಮಾಡಿದರು. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ, ಕೃಪಾಂಕವನ್ನು ಧಾರಾಳವಾಗಿ ಸುರಿದ ಮೇಲೂ ಶೇ 73.40ಕ್ಕೆ ಬಂದು ನಿಂತಿತು. ಯಾದಗಿರಿ ಶೇ 50.59 ಪಡೆದು ಕಟ್ಟಕಡೆಗೆ ಹೋಯಿತು. ಮರುವರ್ಷ, 2025ರಲ್ಲಿ, ಆ ಸ್ಥಾನವನ್ನು ಕಲಬುರಗಿ ಕಸಿದುಕೊಂಡಿತು: ಶೇ 42.43. ಮೊದಲ ಸ್ಥಾನದ ದಕ್ಷಿಣ ಕನ್ನಡಕ್ಕೆ ಶೇ 91.12. ಕ್ಯಾಮೆರಾ ಇಡುವುದಕ್ಕೆ ಪ್ರತಿ ಕೋಣೆಗೂ ದುಡ್ಡು ಸಿಕ್ಕಿತು. ಅದೇ ಕೋಣೆಗಳಲ್ಲಿ ವರ್ಷವಿಡೀ ಪಾಠ ನಡೆಯುತ್ತದೆಯೇ ಎಂದು ನೋಡಲು ಜೂನ್‌ನಿಂದ ಫೆಬ್ರವರಿಯವರೆಗೆ ಆ ಕ್ಯಾಮೆರಾಗಳನ್ನು ಬಳಸಬಹುದಲ್ಲ ಎಂಬ ವಿಚಾರ ಮಾತ್ರ ಯಾರಿಗೂ ಹೊಳೆದಂತಿಲ್ಲ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ವಿಧಿ ಬಂತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಬಂತು. ಗಣಿತ ಮಾಸ್ತರರು ಬರುತ್ತಾರೆ, ದಾರಿಯಲ್ಲಿದ್ದಾರೆ.

ಫಲಿತಾಂಶ ಬಂದ ವಾರ ನೋಟಿಸುಗಳ ಸುಗ್ಗಿ. ಮೇಲಿನವರು ಉಪನಿರ್ದೇಶಕರಿಗೆ, ಉಪನಿರ್ದೇಶಕರು ಕ್ಷೇತ್ರ ಶಿಕ್ಷಣಾಧಿಕಾರಿ ಎಂಬ ಬಿಇಒಗೆ, ಬಿಇಒ ಹೆಡ್ ಮಾಸ್ತರರಿಗೆ, ಹೆಡ್ ಮಾಸ್ತರರು ಹುಡುಗನಿಗೆ. ಹುಡುಗನ ಕೆಳಗೆ ಯಾರೂ ಇಲ್ಲ, ಆದ್ದರಿಂದ ಜವಾಬ್ದಾರಿ ಅಲ್ಲಿಯೇ ತಂಗುತ್ತದೆ. ಅವನ ಮನೆಯಲ್ಲಿ ಒಂದು ನಾಯಿಯಿದೆ, ಆದರೆ ಅದಕ್ಕೆ ಸಹಿ ಬರುವುದಿಲ್ಲ. ಸರ್ಕಾರ ತನ್ನ ಪಾಲಿನ ಜವಾಬ್ದಾರಿ ನಿಭಾಯಿಸಲಿಲ್ಲ ಎನ್ನುವಂತೆಯೂ ಇಲ್ಲ: ಉತ್ತೀರ್ಣತೆಯ ಗೆರೆಯನ್ನು ಶೇ 35ರಿಂದ 33ಕ್ಕೆ ಇಳಿಸಿದೆ. ಈಗ 625ಕ್ಕೆ 206 ಸಾಕು, ಯಾವ ವಿಷಯದಲ್ಲೂ 30ಕ್ಕಿಂತ ಕಡಿಮೆ ಇರಬಾರದು ಅಷ್ಟೆ.

ಗೈರುಹಾಜರಿಯ ಮಾತಿಗೆ ಬಂದರೆ ಅಂಕಿಗಳು ಇನ್ನೂ ಸ್ವಾರಸ್ಯಕರ. 2025ರ ಸೆಪ್ಟೆಂಬರ್ 22ರಿಂದ ರಾಜ್ಯದಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ನಡೆಯಿತು. ಗಣತಿದಾರರು ಶಿಕ್ಷಕರೇ. ದಸರಾ ರಜೆಯಲ್ಲಿ ಮುಗಿಯಬೇಕಿದ್ದ ಕೆಲಸ ಮುಗಿಯಲಿಲ್ಲವಾದ್ದರಿಂದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟರೆ ಶಿಕ್ಷಕರನ್ನು ಬೇರೆ ಕೆಲಸಕ್ಕೆ ಹಚ್ಚಬಾರದು ಎನ್ನುತ್ತದೆ. ಎನ್ನಲಿ ಬಿಡಿ, ಕಲಂಗಳ ಸ್ವಭಾವವೇ ಅದು. ನಾಡಿನ ಮಕ್ಕಳ ಶೈಕ್ಷಣಿಕ ಸ್ಥಿತಿ ತಿಳಿಯುವುದಕ್ಕಾಗಿ ನಾಡಿನ ಮಕ್ಕಳ ಶಾಲೆ ಮುಚ್ಚಿದರು, ನಮ್ಮ ಹುಡುಗ ಆ ದಿನಗಳನ್ನೂ ಬೇವಿನ ಮರದ ಕೆಳಗೆ ಕಳೆದ. ಆಗ ಅದು ಗೈರುಹಾಜರಿಯಾಗಿರಲಿಲ್ಲ. ಮಾಸ್ತರರು ಗೈರುಹಾಜರಾದರೆ ಅದು ರಜೆ, ಹುಡುಗ ಗೈರುಹಾಜರಾದರೆ ಅದು ಶಿಸ್ತಿನ ಉಲ್ಲಂಘನೆ.

ಇಷ್ಟೆಲ್ಲ ಆದ ಮೇಲೆ ಒಂದು ದಿನ ಹುಡುಗನ ಅಜ್ಜ, ನಿಜವಾದ ಅಜ್ಜ, ಶಾಲೆಗೆ ಬಂದ. ಫರಸಿಯ ಮೇಲೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ಮುಚ್ಚಳಿಕೆಯನ್ನು ಯಾರಿಂದಲೋ ಓದಿಸಿ ಕೇಳಿದ. "ಇವನು ಬರೆದುಕೊಟ್ಟದ್ದು ಸರಿ ಇದೆ, ಗುರುಗಳೇ. ಈಗ ನೀವೂ ಒಂದು ಬರೆದುಕೊಡಿ. ಗಣಿತ ಕಲಿಸುತ್ತೇವೆ ಎಂದು ಒಂದು ಸಾಲು ಇದ್ದರೆ ಸಾಕು. ಒತ್ತಡ ಬೇಡ, ಸ್ವಸಂತೋಷದಿಂದಲೇ ಬರೆಯಿರಿ."

ಹೆಡ್ ಮಾಸ್ತರರು ಕೆಟ್ಟವರಲ್ಲ. ಪೆನ್ನಿಗೆ ಕೈ ಹಾಕಿದರು. ಆಮೇಲೆ, "ಯಜಮಾನರೇ, ಇದಕ್ಕೆ ಬಿಇಒ ಸಾಹೇಬರ ಅನುಮತಿ ಬೇಕಾಗುತ್ತದೆ" ಎಂದು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡರು. ಕಾಗದ ಬಿಇಒ ಕಚೇರಿಗೆ ಹೋಯಿತು, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ಇನ್ನೂ ಮೇಲಕ್ಕೆ. ಗಣಿತ ಕಲಿಸುವುದರಿಂದ ಆರ್ಥಿಕ ಹೊರೆ ಬೀಳುವುದೇ ಎಂಬ ಬಗ್ಗೆ ಸ್ಪಷ್ಟನೆ ಕೇಳಿ ಒಮ್ಮೆ ಕೆಳಗಿಳಿಯಿತು, ಸ್ಪಷ್ಟನೆ ಹೊತ್ತು ಮತ್ತೆ ಮೇಲೇರಿತು. ಕೊನೆಗೆ ಬಂದ ಉತ್ತರ ಇಷ್ಟು: ಪ್ರಸ್ತಾವನೆಯೊಂದಿಗೆ ವಿದ್ಯಾರ್ಥಿಯ ತಂದೆಯ ಸಹಿಯುಳ್ಳ ಕೋರಿಕೆ ಪತ್ರ ಲಗತ್ತಿಸಿರುವುದಿಲ್ಲವಾದ್ದರಿಂದ ಕಡತವನ್ನು ಹಿಂತಿರುಗಿಸಲಾಗಿದೆ.

ಚಹಾದ ಅಂಗಡಿಯವನನ್ನು ಕೇಳಿದ್ದಾಯಿತು. ಬೆಂಗಳೂರಿಗೆ ಹೋಗುವ ಕಾಗದವಾದರೆ ಇಪ್ಪತ್ತು ರೂಪಾಯಿಗೆ ಆಗುವುದಿಲ್ಲ ಎನ್ನುತ್ತಿದ್ದಾನೆ.